ಅಂಗಿಗಳು ಬೊಂತೆಯಾದದ್ದು

ಗಂಜಿ ಹಾಕಿ ಒಣಗಿಸಿದ ಹತ್ತಿ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಹರಿದಾಗ ಒಂದು ವಾಸನೆ ಏಳುತ್ತದೆ. ನಿನ್ನೆ ಮಹಡಿಮನೆಯ ಕೂಸಿಗೆ ಬೊಂತೆ ಹೊಲಿಯಲೆಂದು ಹಳೆಯ ಪಂಚೆಗೆ ಇಸ್ತ್ರಿ ಮಾಡುತ್ತಿದ್ದೆ. ಆ ವಾಸನೆಗೆ ಕೈ ನಿಂತಿತು. ಪಕ್ಕದ ಮನೆಯಲ್ಲಿದ್ದ ಪಿನ್ನಮ್ಮ ನೆನಪಾದರು...

ಅವರು ನಮಗೆ ಸಂಬಂಧವಲ್ಲ. ಮನೆಮಾತು ತೆಲುಗು. ಹಾಗಾಗಿ ಗೌರಿಬಿದನೂರಿನ ನಮ್ಮ ಬೀದಿಯವರೆಲ್ಲ ಚಿಕ್ಕಮ್ಮ ಅನ್ನದೆ ಪಿನ್ನಮ್ಮ ಅನ್ನುತ್ತಿದ್ದೆವು. ನನ್ನ ಅತ್ತೆಯನ್ನು ಅವರು ಅತ್ತಿಗೆಯೆಂದು ವದಿನಾ ಅನ್ನುತ್ತಿದ್ದರು. ಹಳೆ ಬಟ್ಟೆ ಕೊಟ್ಟರೆ ತುಂಡು ತುಂಡು ಜೋಡಿಸಿ, ಕೌದಿಯ ಹಾಗೆ, ಬೊಂತೆ ಹೊಲಿದುಕೊಡುತ್ತಿದ್ದರು.

ನನ್ನ ಯಜಮಾನರು ತೊಂಡೇಬಾವಿಯ ಶಾಲೆಗೆ ರೈಲಿನಲ್ಲಿ ಹೋಗಿ ಬರುತ್ತಿದ್ದ ಮೇಷ್ಟ್ರು. ಎದೆನೋವೆಂದು ಮಲಗಿದವರು ಏಳಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅತ್ತೆ ಬೀರುವಿನಿಂದ ಅವರ ಅಂಗಿಗಳನ್ನೆಲ್ಲ ತೆಗೆದರು. ಹೋದವರ ಬಟ್ಟೆ ಅಗಸರಿಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಅತ್ತೆ ಕಠಿಣ ಮನಸ್ಸಿನವರಲ್ಲ, ಹೆತ್ತವರು. “ಇಟ್ಕೊಂಡ್ರೆ ಅವನಿಗೆ ದಾರಿ ಸಿಗಲ್ಲ ಕಣಮ್ಮ” ಅಂದರು. ನಾನು ಬೇಡವೆನ್ನಲಿಲ್ಲ. ಅಂಗಿಗಳ ಮೇಲೆ ಕೈಯಿಟ್ಟು ಕೂತುಬಿಟ್ಟೆ.

ಕಾಫಿ ತಂದಿದ್ದ ಪಿನ್ನಮ್ಮ ಅತ್ತೆಯ ಕಡೆ ತಿರುಗಿದರು. “ಅಂಗಿ ಆಗಿದ್ರೆ ತಾನೇ ವದಿನಾ ಕೊಡ್ಬೇಕು? ಕತ್ತರಿಸಿ ಬೊಂತೆ ಮಾಡಿದ್ರೆ ಅದು ಅಂಗಿ ಹೆಂಗಾಗುತ್ತೆ?”

ಅತ್ತೆ ಖಾಲಿ ಬೀರುವಿನ ಬಾಗಿಲು ಮುಚ್ಚಿ, “ಅಮಾವಾಸ್ಯೆ ಒಳಗೆ ಆಗ್ಲಿ. ಆಮೇಲೆ ಒಂದು ಅಂಗೀನೂ ಇಲ್ಲಿರಬಾರ್ದು” ಅಂದರು.

ಮೊದಲು ನಾನೇ ಕತ್ತರಿ ಹಿಡಿದೆ. ತುಂಡುಗಳು ಸೊಟ್ಟ, ಅಂಚಿಗೆ ಅಂಚು ಕೂಡುತ್ತಿರಲಿಲ್ಲ. ಆಗ ಪಿನ್ನಮ್ಮ, ಹಿಂದೂಪುರದಲ್ಲಿದ್ದ ತಮ್ಮ ಮಗಳು ತಂದುಕೊಟ್ಟಿದ್ದ ರೋಟರಿ ಕಟರ್ ತೆಗೆದರು. ಹಿಡಿಯ ತುದಿಯಲ್ಲಿ ದುಂಡನೆಯ ಬ್ಲೇಡು, ಥೇಟ್ ಕರ್ಜಿಕಾಯಿ ಅಂಚು ಕತ್ತರಿಸುವ ಚಕ್ರ. ಅದೇ ಧೈರ್ಯದಲ್ಲಿ ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಅಂಗಿ ಹರಡಿ ಹಿಂದೆ ಮುಂದೆ ಉರುಳಿಸಿದೆವು. ಬ್ಲೇಡು ಮೊಂಡಾಯಿತು. ಅಂಗಿ ಅರ್ಧ ತುಂಡಾಗಿ, ಅರ್ಧ ನೂಲಿಗೆ ನೇತಾಡಿತು.

“ಕೊಬ್ರಿ ಸಕ್ರೆ ತುಂಬೋದು ಮರೆತ್ವಿ ನೋಡಮ್ಮಾ” ಅಂದರು ಪಿನ್ನಮ್ಮ. ಯಜಮಾನರು ಹೋದ ಮೇಲೆ ನಾನು ನಕ್ಕದ್ದು ಆವತ್ತೇ ಮೊದಲು.

ಪಿನ್ನಮ್ಮ ಮಗಳನ್ನು ಫೋನಿನಲ್ಲಿ ಕೇಳಿ, ಹೊಸ ಬ್ಲೇಡು, ಕೆಳಗೆ ಹಾಸುವ ಹಸಿರು ಮ್ಯಾಟು, ಅಗಲವಾದ ಪ್ಲಾಸ್ಟಿಕ್ ಸ್ಕೇಲು ತರಿಸಿದರು. ಚಿಂದಿಯ ಮೇಲೆ ತಾವು ಕಲಿತು, ಆಮೇಲೆ ನನಗೆ ಕಲಿಸಿದರು. ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಜಾರುವುದಿಲ್ಲ. ಮೊದಲು ಒಂದು ಅಂಚನ್ನು ನೇರ ಮಾಡಿಕೊಳ್ಳಬೇಕು, ಮಿಕ್ಕ ಅಳತೆಯೆಲ್ಲ ಅದರಿಂದ. ನಿಂತೇ ಕತ್ತರಿಸಬೇಕು. ಸ್ಕೇಲು ಒತ್ತಿದ ಬೆರಳು ಅಂಚಿನಿಂದ ಒಳಗಿರಬೇಕು. ಬ್ಲೇಡನ್ನು ಮೈಯಿಂದ ಆಚೆಗೆ ಒಂದೇ ಸಲ ತಳ್ಳಬೇಕು, ಕೆಳಗಿಡುವ ಮೊದಲು ಮುಚ್ಚಬೇಕು. ನಾನು ಮರೆತಾಗಲೆಲ್ಲ ಮೊಣಕೈಗೆ ಮೆತ್ತಗೆ ಒಂದೇಟು ಬೀಳುತ್ತಿತ್ತು.

ಕೊನೆಗೆ ಉಳಿದದ್ದು ಯಜಮಾನರು ಕಡೇ ದಿನ ಶಾಲೆಗೆ ಹಾಕಿಕೊಂಡು ಹೋಗಿದ್ದ ನೀಲಿ ಗೀಟಿನ ಅಂಗಿ. ಅಮಾವಾಸ್ಯೆಗೆ ಇನ್ನೊಂದೇ ದಿನ. ನನಗೆ ಕಣ್ಣು ಮಂಜಾಯಿತು.

“ಅಂಗಿ ನೋಡ್ಬೇಡ ತಲ್ಲಿ, ಸ್ಕೇಲಿನ ಗೆರೆ ನೋಡು. ಬೆರಳು ಹೋದೀತು” ಅಂದರು ಪಿನ್ನಮ್ಮ. ಸ್ಕೇಲಿನ ಮೇಲೆ ತಮ್ಮ ಕೈಯನ್ನೂ ಇಟ್ಟರು. ನಾನು ತಳ್ಳಿದೆ...

ಮಿಕ್ಕ ಚೌಕಗಳನ್ನು ಪಿನ್ನಮ್ಮ ದಿನವೂ ಹೊಲಿದು ಜೋಡಿಸುತ್ತ ಬಂದಿದ್ದರು. ಮಾರನೆಯ ಸಂಜೆ ಬೊಂತೆಯನ್ನು ಅತ್ತೆಯ ಮುಂದೆ ಹರಡಿದೆವು. ಅವರು ಒಂದೊಂದೇ ಚೌಕದ ಮೇಲೆ ಬೆರಳಾಡಿಸಿ, “ಇದು ಯುಗಾದೀದು... ಇದು ನಿನ್ನ ನೋಡಕ್ಕೆ ಬಂದಾಗ ಹಾಕ್ಕೊಂಡಿದ್ದು” ಅಂದರು. ರಾತ್ರಿ ನಾನು ಕೇಳುವ ಮೊದಲೇ ಅದನ್ನು ಮಡಿಸಿ ತಮ್ಮ ಹಾಸಿಗೆಗೆ ಒಯ್ದರು.

ಪಿನ್ನಮ್ಮ ಈ ಬೇಸಿಗೆಯಲ್ಲಿ ಹಿಂದೂಪುರದ ಮಗಳ ಮನೆಯಲ್ಲಿ ತೀರಿಕೊಂಡರು. ನನಗೆ ತಿಳಿದದ್ದು ತಡವಾಗಿ. ಒಂದು ಸೀರೆ ಕೇಳೋಣವೆಂದು ಹೋದೆ. ಎಲ್ಲವನ್ನೂ ಆಗಲೇ ಅಗಸರಿಗೆ ಕೊಟ್ಟಾಗಿತ್ತು. ಮಗಳು ಕೈಹಿಡಿದುಕೊಂಡು ಅತ್ತಳು. ನನಗಾಗಿ ಪಿನ್ನಮ್ಮ ಬಂದಂತೆ ಅವಳಿಗಾಗಿ ಅಲ್ಲಿ ಯಾರೂ ಅಡ್ಡ ಬಂದಿರಲಿಲ್ಲ.