ಅಲೆಯ ಬುಡ ನೋಡುತ್ತಿದ್ದ ಕಾಕಾ

ಅವರ ಮುಖದ ಸುಕ್ಕೆಲ್ಲ ಎಡಗಣ್ಣಿನ ಸುತ್ತ ಸೇರಿಕೊಂಡಿತ್ತು. ಬಲಗಡೆಯಿಂದ ನೋಡಿದರೆ ನಲವತ್ತೈದರ ಗಂಡಸು, ಎಡಗಡೆಯಿಂದ ನೋಡಿದರೆ ಎಪ್ಪತ್ತರ ಮುದುಕ. ಮೂವತ್ತು ವರ್ಷ ಎಡಗಣ್ಣು ಕಿವುಚಿ, ಬಲಗಣ್ಣೊಂದರಲ್ಲೇ ಹೊಳೆಯ ನೀರು ನೋಡಿದ್ದರ ಗುರುತು ಅದು. ಮೇಲವಂಕಿ ಕಡೆಯ ಒಂದು ಸಣ್ಣ ಸೇತುವೆಯ ಕಂಬಕ್ಕೆ ಅಡಿ, ಅಂಗುಲದ ಗೆರೆ ಬರೆದಿತ್ತು. ಅದನ್ನು ನೋಡಿ ನೀರಿನ ಮಟ್ಟ ಬರೆದಿಡುವುದು, ಹೊಳೆ ಏರತೊಡಗಿದರೆ ದಂಡೆಯ ರೈತರಿಗೆ ಫೋನ್ ಮಾಡುವುದು ಅವರ ಕೆಲಸ. ಆ ಗೆರೆಗಂಬಕ್ಕೆ ಜನ ಗೇಜು ಅನ್ನುತ್ತಿದ್ದರು, ಹಾಗಾಗಿ ಊರಿಗೆಲ್ಲ ಅವರು ಗೇಜಿನ ಕಾಕಾ. ನನಗೂ ಕಾಕಾ ಆದರು, ಆದರೆ ಅಷ್ಟು ಸಲೀಸಾಗಿ ಅಲ್ಲ.

ನಾನು ಗೋಕಾಕದವಳು, ಅಳತೆಯ ಯಂತ್ರಗಳನ್ನು ಕೂಡಿಸುವ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್. ಕಾಕಾ ನಿವೃತ್ತರಾಗುವ ವರ್ಷ ಅವರ ಜಾಗಕ್ಕೆ ಒಂದು ರೇಡಾರ್ ಪೆಟ್ಟಿಗೆ ಹಿಡಿದುಕೊಂಡು ಹೋದೆ. ಸೇತುವೆಯ ಹೊಟ್ಟೆಗೆ ಅಂಟಿಕೊಂಡು ಅದು ಕೆಳಗಿನ ನೀರಿಗೆ ಸಂಕೇತ ಬಿಡುತ್ತದೆ. ಆ ಸಂಕೇತ ಬಡಿದು ಮರಳಿ ಬರಲು ಹಿಡಿದ ಹೊತ್ತಿನಿಂದ ನೀರು ಎಷ್ಟು ದೂರವಿದೆ, ಅಂದರೆ ಮಟ್ಟ ಎಷ್ಟು ಏರಿದೆ ಎಂದು ಲೆಕ್ಕ ಹಾಕುತ್ತದೆ. ನೀರು ಏರಿದರೆ ದಂಡೆಯ ಸೈರನ್ ಕೂಗುತ್ತದೆ. ಮಳೆಗಾಲ ಮುಗಿಯುವುದರೊಳಗೆ ಜನ ಅದನ್ನು ನಂಬಿದರೆ ಪೆಟ್ಟಿಗೆ ಉಳಿಯುತ್ತದೆ, ಇಲ್ಲವಾದರೆ ಕಳಚಿಕೊಂಡು ಹೊರಡಬೇಕು.

"ಬರ್ರಿ ಬಾಯಾರ," ಎಂದರು ಕಾಕಾ ಮೊದಲ ದಿನ, ಪೆಟ್ಟಿಗೆಯತ್ತ ಕೈ ಮಾಡಿ. "ನನ್ನ ಖುರ್ಚಿ ಮ್ಯಾಲ ಕೂಡಾಕ ಬಂದಾನಲ್ಲ, ಅವಗೂ ಒಂದ್ ಕಪ್ ಚಾ ತರಸೂಣೇನು?"

ನೀರು ತುಸು ಏರಿದರೂ ಕೆಲವೇ ಸೆಕೆಂಡಿನಲ್ಲಿ ಕೂಗುವ ಹಾಗೆ ಹೊಂದಿಸಿದ್ದೆ. ಮರುದಿನ ಬೆಳಿಗ್ಗೆಯೇ ಕೂಗಿತು. ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದರು. ಹೊಲಕ್ಕೆ ನೀರೆತ್ತುವ ದಂಡೆಯ ಮೋಟಾರುಗಳು ಮುಳುಗದಿರಲೆಂದು ಹಗ್ಗ ಹಾಕಿ, ಒಂದೊಂದಕ್ಕೆ ನಾಲ್ಕು ನಾಲ್ಕು ಜನ ಜೋತು ಬಿದ್ದು ಮೇಲೆಳೆದರು. ನೋಡಿದರೆ ಹೊಳೆ ಇದ್ದಲ್ಲೇ ಇದೆ. ಸೇತುವೆಯ ಕೆಳಗೆ ಎಂಟು ಎಮ್ಮೆ ಆರಾಮಾಗಿ ಮೀಯುತ್ತಿದ್ದವು. ನನ್ನ ರೇಡಾರ್ ಅವುಗಳ ಬೆನ್ನು ಅಳೆದಿತ್ತು. ಎರಡು ದಿನ ಬಿಟ್ಟು ಕಬ್ಬಿನ ಒಣಗರಿಯ ರವದಿ ತೇಲಿ ಬಂದು ಕಂಬಕ್ಕೆ ಸಿಕ್ಕಿಕೊಂಡಿತು, ಮತ್ತೆ ಸೈರನ್. ಗಟ್ಟಿ ದನಿಯ ಒಬ್ಬ ಹೆಂಗಸು ಹಗ್ಗ ಕೆಳಗೆ ಒಗೆದು ಎಲ್ಲರೆದುರು ಕೇಳಿದಳು: "ಏನವಾ, ನಿಮ್ಮ ಪೆಟ್ಟಿಗಿ ಹುಟ್ಟಾ ಎಮ್ಮಿ ಕಂಡಿಲ್ಲೇನು?" ನನಗೆ ತಲೆ ಎತ್ತಲಾಗಲಿಲ್ಲ.

ಪೆಟ್ಟಿಗೆಯನ್ನು ಬದಲಿಸಿದೆ. ಅರ್ಧ ತಾಸಿನ ಅಳತೆಗಳ ಸರಾಸರಿ ಹಿಡಿದು ಆಮೇಲೆ ಕೂಗಲಿ ಎಂದು ಹೊಂದಿಸಿದೆ. ಕಾಕಾ ತಲೆ ಅಲ್ಲಾಡಿಸಿದರು.

"ಈಗ ಸುಳ್ಳ ಹೇಳೂದಿಲ್ಲ, ಖರೆ. ಆದ್ರ ಹೊಳಿ ಅರ್ಧ ತಾಸ ನಿಂದ್ರತೈತೇನ್ರಿ? ಮೋಟಾರ್ ಮುಣುಗಿದ ಮ್ಯಾಲ ಕೂಗಿದ್ರ ಅದು ಬರೇ ಅಳೂದಾತು."

ನನಗೆ ಸಿಟ್ಟು ಬಂತು. ಬೇಗ ಹೇಳು ಅಂದರೆ ಸುಳ್ಳು ಬರುತ್ತದೆ, ಸುಳ್ಳು ಬೇಡ ಅಂದರೆ ತಡವಾಗುತ್ತದೆ. ಇದು ರೇಡಾರ್ ಕೆಲಸದ ಹಳೆಯ ತಕರಾರು, ದೊಡ್ಡ ದೊಡ್ಡವರೇ ಇದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ ಎಂದು ಭಾಷಣ ಬಿಗಿದೆ. ಅವರು ಪೂರ್ತಿ ಕೇಳಿದರು. ಆಮೇಲೆ "ಊಟ ಆಗೇತೇನು?" ಎಂದು ಬುತ್ತಿ ಬಿಚ್ಚಿ ಎರಡು ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗಿಟ್ಟರು.

ಉಂಡ ಮೇಲೆ ಅವರು ಕಟ್ಟೆಗೆ ಒರಗಿ, ಎಡಗಣ್ಣು ಕಿವುಚಿ ಕಂಬ ನೋಡಿದರು. ಅಂಗೈಗೆ ತಂಬಾಕು, ಸುಣ್ಣ ಹಾಕಿಕೊಂಡು ನೀರಿನಿಂದ ಕಣ್ಣು ತೆಗೆಯದೆ ತಿಕ್ಕತೊಡಗಿದರು.

"ಮಂದಿ ಅಲೀ ನೆತ್ತಿ ನೋಡ್ತಾರ್ರಿ. ನೆತ್ತಿ ಗಾಳಿಗೂ ಏರತೈತಿ, ಎಮ್ಮಿಗೂ ಏರತೈತಿ. ನಾ ಬುಡಾ ನೋಡ್ತೀನಿ. ತಂಬಾಕ ತಿಕ್ಕಿ ಮುಗಸೂದ್ರಾಗ ಬುಡಾ ಒಮ್ಮಿನೂ ಮೊದಲಿನ ಗೆರಿಗೆ ಇಳೀಲಿಲ್ಲಂದ್ರ ಹೊಳಿ ಏರೇತಿ ಅಂತನ ತಿಳೀರಿ."

ನಾನು ಹಾಗೇ ಕೂತುಬಿಟ್ಟೆ. ನೀರಿನ ಮೇಲೆ ಏನು ಬಂದರೂ ಮಟ್ಟದ ಅಳತೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎಮ್ಮೆಗಳ ನಡುವೆ, ರವದಿಯ ಸಂದಿಯಲ್ಲಿ ಒಂದು ಕ್ಷಣ ನೀರು ಕಂಡರೂ ಸಾಕು. ಸರಾಸರಿ ಬಿಟ್ಟು, ಬಂದ ಅಳತೆಗಳಲ್ಲಿ ಎಲ್ಲಕ್ಕಿಂತ ಕಡಿಮೆಯದನ್ನು ಹಿಡಿದರೆ ಅರ್ಧ ತಾಸು ಕಾಯುವ ಅಗತ್ಯವೇ ಇಲ್ಲ! ಗಡಿಯಾರ ಹಿಡಿದು ಅವರಿಂದ ಐದು ಸಲ ತಂಬಾಕು ತಿಕ್ಕಿಸಿದೆ. ಎರಡು ನಿಮಿಷಕ್ಕೆ ಸ್ವಲ್ಪ ಹೆಚ್ಚು ಬಂತು. "ಅಂಗೈ ಉರಿಯಾಕತ್ತೇತಿ, ಇನ್ನ ಸಾಕ್ ಬಿಡ ತಂಗಿ," ಎಂದರು. ‘ಬಾಯಾರ’ ಎಂಬ ಮೇಡಂ ಮರ್ಯಾದೆ ಹೋಗಿ ನಾನು ತಂಗಿಯಾದದ್ದು ಅವತ್ತು. ಅಷ್ಟೇ ಹೊತ್ತನ್ನು ಪೆಟ್ಟಿಗೆಗೂ ಕೊಟ್ಟೆ. ಮರುದಿನ ಎಮ್ಮೆ ಬಂದವು, ಮಿಂದವು, ಹೋದವು. ಪೆಟ್ಟಿಗೆ ತುಟಿ ಪಿಟಕ್ಕೆನ್ನಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಪೆಟ್ಟಿಗೆ ಸರಿಹೋಗಿತ್ತು, ಜನರ ನಂಬಿಕೆ ಮಾತ್ರ ಮರಳಿರಲಿಲ್ಲ. ಅಷ್ಟರಲ್ಲಿ ಕಾಕಾ ನಿವೃತ್ತರಾಗಿ ತುಕ್ಕಾನಟ್ಟಿಯ ಮನೆ ಸೇರಿದರು. ಒಂದು ಮಧ್ಯಾಹ್ನ, ನಮ್ಮಲ್ಲಿ ಒಂದು ಹನಿ ಮಳೆಯಿಲ್ಲ, ಸೈರನ್ ಕೂಗಿತು. ನಾನು ಸೇತುವೆಯ ಮೇಲೇ ಇದ್ದೆ. "ಎಮ್ಮಿ ಬಂದಿರಬೇಕು ತಗೋ," ಎಂದು ಜನ ನಕ್ಕರೇ ವಿನಾ ಒಬ್ಬರೂ ಕದಲಲಿಲ್ಲ. ನಾನು ಕೂಗಿದೆ, ಕೈಮುಗಿದೆ. ಕೊನೆಗೆ ಅದೇ ಗಟ್ಟಿ ದನಿಯ ಹೆಂಗಸು ಕಾಕಾಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಕಾಕಾ, ಪೆಟ್ಟಿಗಿ ಕೂಗಾಕತ್ತೇತಿ. ನೀವೇನಂತೀರಿ?"

ಕಾಕಾ ಕೂತಲ್ಲಿಗೆ ಹೊಳೆ ಕಾಣುವುದಿಲ್ಲ. ಮೂವತ್ತು ವರ್ಷದಲ್ಲಿ ಅವರ ಮಾತಿಗೆ ಒಂದು ಮೋಟಾರೂ ಸುಮ್ಮನೆ ಮೇಲೆ ಬಂದದ್ದಿಲ್ಲ. ಗಳಿಸಿದ್ದ ಆ ಹೆಸರು ನನ್ನ ಪೆಟ್ಟಿಗೆಯಿಂದ ಹೋಗಬಹುದಿತ್ತು.

"ತಂಗಿ ಅಲ್ಲೇ ಅದಾಳೇನು? ಆಕಿ ಪೆಟ್ಟಿಗಿ ಕೂಗಿದ್ರ ನಾ ಕೂಗಿದಂಗ. ಎತ್ರಿ ಮೋಟಾರ್."

ಜನ ಎದ್ದು ಓಡಿದರು. ಕೊನೆಯ ಮೋಟಾರು ದಂಡೆ ಹತ್ತುವಾಗ ಮೇಲೆಲ್ಲೋ ಸುರಿದ ಮಳೆಯ ಕೆಂಪು ನೀರು ಅದು ಕೂತಿದ್ದ ಕಲ್ಲನ್ನು ಮುಳುಗಿಸಿತ್ತು.

ಮುಂದಿನ ವಾರ ಕರದಂಟು ಕಟ್ಟಿಸಿಕೊಂಡು ತುಕ್ಕಾನಟ್ಟಿಗೆ ಹೋದೆ. "ನೋಡದ ಹ್ಯಾಂಗ ಹೇಳಿದ್ರಿ ಕಾಕಾ?" ಎಂದು ಕೇಳಿದೆ.

"ಮೂವತ್ತು ವರ್ಷ ಆ ಮಂದಿ ಹೊಳಿ ನೋಡದ ನನ್ನ ಮಾತಿಗೆ ಮೋಟಾರ್ ಎತ್ಯಾರ. ಒಂದ್ ದಿನ ನಾ ನೋಡದ ನಂಬಿದ್ರ ಏನಾತವಾ?" ಎಂದು ಕರದಂಟು ಮುರಿದು ದೊಡ್ಡ ತುಂಡು ನನಗೇ ಕೊಟ್ಟರು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಹುಕ್ಕೇರಿ ಕಡೆಯ ಹಳ್ಳಗಳ ಮೇಲೂ ಈಗ ನನ್ನ ಪೆಟ್ಟಿಗೆಗಳಿವೆ. ಎಲ್ಲವೂ ಕೂಗುವ ಮೊದಲು ಕಾಯುವುದು ಅವರು ತಂಬಾಕು ತಿಕ್ಕುತ್ತಿದ್ದಷ್ಟು ಹೊತ್ತು. ನನ್ನ ಅನ್ನ ಅವರು ಕಲಿಸಿದ್ದರಿಂದ ಬರುತ್ತಿದೆ.

ಈ ಮಳೆಗಾಲ ಮೇಲವಂಕಿಯ ಸೈರನ್ ಕೂಗಿದಾಗ ನಾನು ಅಲ್ಲಿದ್ದೆ. ಆ ಹೆಂಗಸು ರೂಢಿಯಂತೆ ಫೋನ್ ತೆಗೆದಳು. ಯಾರಿಗೆ ಹಚ್ಚುವುದೆಂದು ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ ಸೊಂಟಕ್ಕೆ ಸಿಗಿಸಿಕೊಂಡು ಹಗ್ಗ ಎತ್ತಿಕೊಂಡಳು.

"ನಡೀರಿ ನಡೀರಿ," ಎಂದಳು, "ಕಾಕಾ ಕೂಗಾಕತ್ತಾರ."