ಗೋಡೆಗೆ ಬಡಿದ ಸೌತೆಬೀಜ

ಬೆಳಿಗ್ಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದಾಗ ಕಾಲಿಗೆ ಒಂದು ಎಲೆ ತಾಗಿತು. ಅಷ್ಟೇ. ಇಷ್ಟಕ್ಕೆ ಕಾಗದ ಪೆನ್ನು ಹಿಡಿದು ಕೂತಿರಾ ಎಂದು ನೀವು ಕೇಳಬಹುದು. ಒಬ್ಬನೇ ಇರುವವನ ಮೈಗೆ ದಿನವಿಡೀ ಏನೂ ತಾಗುವುದಿಲ್ಲ ನೋಡಿ. ತಾಗಿದ್ದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಎಲೆ ಮೆತ್ತಗಿತ್ತು. ನನ್ನ ಎದೆ ಧಸಕ್ಕೆಂದಿತು. ಯಾಕೆಂದು ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತು ಹಾಕಿ ಬರಬೇಕು.

ನಾನು ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನು. ಬೋರ್ಡಿನ ಮೇಲೆ ನಾನು ಬರೆದ ಸೌತೆಬಳ್ಳಿಯನ್ನು ಅಳಿಸಲು ಮುಂದಿನ ಪಿರಿಯಡ್ಡಿನ ಹಿಂದಿ ಮೇಷ್ಟ್ರಿಗೆ ಮನಸ್ಸೇ ಬರುತ್ತಿರಲಿಲ್ಲ. ಹಾಗಂತ ನಾನು ತಿಳಿದುಕೊಂಡಿದ್ದೆ; ಅವರು ಬರೀ ಸೋಮಾರಿಯಾಗಿದ್ದರೂ ಇರಬಹುದು.

ಮದುವೆಯಾದ ಮೊದಲ ಮಳೆಗಾಲದಲ್ಲಿ ಬಾಗಳಿಯ ಮಾವನ ಮನೆಗೆ ಹೋಗಿದ್ದೆ. ಜೋಳದ ಹೊಲದಲ್ಲಿ ಹೆಂಗಸರು ಕಳೆ ತೆಗೆಯುತ್ತಿದ್ದರು. ಜೋಳದ ನಡುನಡುವೆ ಒಂದೊಂದು ಸಾಲು ಸೌತೆ ಹಾಕುವುದು ಅಲ್ಲಿಯ ರೂಢಿ. ಯಾರೂ ಬಿತ್ತದ ಮಿಣಿಕೆ ಎಂಬ ಕಾಡುಬಳ್ಳಿಯೂ ಅದೇ ಸಾಲಿನಲ್ಲಿ ಹುಟ್ಟಿಕೊಳ್ಳುತ್ತದೆ. ಎರಡಕ್ಕೂ ಅದೇ ಹಳದಿ ಹೂ, ಅದೇ ಸುರುಳಿ ಕುಡಿ. ಹೊಸ ಅಳಿಯ ಬದುವಿನ ಮೇಲೆ ಸುಮ್ಮನೆ ಕೂರುವುದುಂಟೇ? ಪಂಚೆ ಎತ್ತಿ ಕಟ್ಟಿ ಇಳಿದೆ. ಒಂದಿಡೀ ಸಾಲಿನ ಮಿಣಿಕೆ ಕಿತ್ತು ರಾಶಿ ಹಾಕಿ, ಸೊಂಟಕ್ಕೆ ಕೈಯಿಟ್ಟು ನಿಂತೆ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಕಿತ್ತದ್ದಷ್ಟೂ ಸೌತೆ, ಉಳಿಸಿದ್ದಷ್ಟೂ ಮಿಣಿಕೆ!

"ಇರ್ಲಿ ಬಿಡ್ರಿ, ಅಳಿಯಂದ್ರು ಬಿಸಲಾಗ ನಿಂತಿದ್ದ ದೊಡ್ಡದು" ಎಂದರು ಮಾವ. ಅವರ ಮಗಳು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಗೌರಿ ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿದಳು.

"ಕಣ್ಣ ಮುಚ್ರಿ, ಸೈನ್ಸ್ ಮೇಷ್ಟ್ರ."

ಒಂದೊಂದು ಕೈಗೆ ಒಂದೊಂದು ಎಲೆ ಇಟ್ಟಳು.

"ಒರಟ ಯಾವ್ದು?"

"ಬಲಗೈದು."

"ಎರಡ ದಿನ ಬಿಟ್ಟ ನಿಮ್ಮ ಗಡ್ಡ ಇದ್ದಂಗ ಐತಲ್ಲ, ಅದು ಸವತಿ. ಅಂಚು ಮುಟ್ರಿ, ಮೂಲಿ ಮೂಲಿ ಐತಿ. ಎಡಗೈದು ಮೆತ್ತಗ, ದುಂಡಗ ಐತಿ. ಅದು ಮಿಣಿಕಿ. ಹೀಚು ನೋಡಿದ್ರೂ ಅಷ್ಟ, ಸವತಿ ಹೀಚಿಗೆ ಮುಳ್ಳು, ಮಿಣಿಕಿಗೆ ನುಣ್ಣನ ಕೂದಲು. ನಿಮ್ಮ ಬುಕ್ಕಿನಾಗ ಇಲ್ಲೇನು ಇದು?"

ಬುಕ್ಕಿನಲ್ಲಿತ್ತು. ನನ್ನ ಕೈಗೆ ಬಂದಿರಲಿಲ್ಲ.

ಆಮೇಲಾದರೂ ಕಲಿತೆನೇ? ಇಲ್ಲ. ಅವಳಿದ್ದಾಗ ನಾನೇಕೆ ಕಲಿಯಬೇಕು? ಪ್ರತಿ ಮಳೆಗಾಲ ಹಿತ್ತಲಲ್ಲಿ ನಿಂತು "ಲೇ ಗೌರಿ, ಇದು ಯಾವ್ದು ನೋಡು" ಎಂದು ಕೂಗುವುದು, ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು "ಕಣ್ಣ ಮುಚ್ರಿ" ಎನ್ನುವುದು. ಮಕ್ಕಳಿಲ್ಲದ ಮನೆಯಲ್ಲಿ ಅದೊಂದು ಆಟವಾಗಿತ್ತು. ನಿಜ ಹೇಳಬೇಕೆಂದರೆ, ಆ ಆಟಕ್ಕಾಗಿಯೇ ನಾನು ದಡ್ಡನಾಗಿ ಉಳಿದೆ.

ಪ್ರತಿ ವರ್ಷ ಒಂದು ಒಳ್ಳೆಯ ಸೌತೆಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು, ಬೀಜವನ್ನು ಸೆಗಣಿ ಬೂದಿಯಲ್ಲಿ ಕಲಸಿ ಹಿತ್ತಲ ಗೋಡೆಗೆ ಬಡಿಯುತ್ತಿದ್ದಳು. ತವರಿನಿಂದ ತಂದ ತಳಿ ಅದು. ಬೇರೆಲ್ಲೂ ಉಳಿದಿಲ್ಲ, ಮಾವನ ಹೊಲದಲ್ಲಿ ಈಗ ಸಾಲು ಬಿಡದೆ ಮೆಕ್ಕೆಜೋಳ. ಮೂರು ವರ್ಷದ ಹಿಂದೆ ಕೊನೆಯ ಬೆರಣಿ ಬಡಿದಳು. ಅದು ಒಣಗುವಷ್ಟರಲ್ಲಿ ಒಂದು ಜ್ವರ ಬಂತು, ಹೋಗಿಬಿಟ್ಟಳು.

ಬೆರಣಿಯ ಮೇಲೆ ಅವಳ ನಾಲ್ಕು ಬೆರಳು ಮೂಡಿದ್ದವು. ಎರಡು ಮಳೆಗಾಲ ನಾನು ಅದನ್ನು ಮುಟ್ಟಲಿಲ್ಲ. ಚಹಾ ಕುಡಿಯುತ್ತ ಅದರ ಎದುರು ಕೂರುತ್ತಿದ್ದೆ. ಬೆರಳಿನ ಗುರುತಿಗೆ ನನ್ನ ಬೆರಳು ಇಡುತ್ತಿದ್ದೆ. ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂದುಕೊಳ್ಳಿ, ಪರವಾಗಿಲ್ಲ.

ಪಕ್ಕದಲ್ಲಿ ಗ್ಯಾರೇಜ್ ಇಟ್ಟಿರುವ ರಸೂಲ್ ಕಾಂಪೌಂಡಿನ ಮೇಲಿಂದ ನೋಡಿ ಒಂದು ದಿನ ಹೇಳಿಯೇಬಿಟ್ಟ: "ಬೀಜ ಹಾಕ್ರಿ ಮೇಷ್ಟ್ರೇ. ಹುಳ ತಿಂದ್ರ ಬೆರಳೂ ಉಳಿಯಂಗಿಲ್ಲ, ಬಳ್ಳೀನೂ ಉಳಿಯಂಗಿಲ್ಲ."

ಈ ಸಲ ಮಳೆ ಬಿದ್ದ ಮೇಲೆ ಬೆರಣಿ ಒಡೆದೆ. ಅಯ್ಯೋ, ಅದು ಮುರಿದ ಸದ್ದು! ಗೋಡೆಯ ಮೇಲೆ ಒಂದು ದುಂಡು ಕಲೆ ಉಳಿಯಿತು. ಎಂಟು ಬೀಜ ಗಟ್ಟಿಯಿದ್ದವು, ಊರಿದೆ. ಬುದ್ಧಿವಂತಿಕೆ ನೋಡಿ, ಚೆನ್ನಾಗಿ ಬೆಳೆಯಲೆಂದು ಕುರಿಗೊಬ್ಬರವನ್ನೂ ಸುರಿದೆ. ಹೊಲದಲ್ಲಿ ಮಿಣಿಕೆ ಹಣ್ಣು ತಿಂದ ಕುರಿಯ ಗೊಬ್ಬರದಲ್ಲಿ ಮತ್ತೇನು ಬರುತ್ತದೆ? ಎಂಟರ ಜಾಗದಲ್ಲಿ ಇಪ್ಪತ್ತು ಮೊಳಕೆ ಎದ್ದವು. ಎರಡೆಲೆಯ ವಯಸ್ಸಿನಲ್ಲಿ ಎಲ್ಲವೂ ಒಂದೇ. ಕೆಲವನ್ನು ಬಸವನಹುಳ ತಿಂದಿತು, ಕೆಲವು ಬಾಡಿದವು. ಒಂದು ಬಳ್ಳಿ ಮಾತ್ರ ಒಗೆಯುವ ಕಲ್ಲನ್ನೇ ಮುಚ್ಚಿ ಹಬ್ಬಿತು. ಇದೇ ಗೌರಿಯದು ಎಂದು ತಿಂಗಳಿಡೀ ನೀರು ಹಾಕಿದೆ, ಮಾತಾಡಿಸಿದೆ.

ಇವತ್ತು ಕಾಲಿಗೆ ತಾಗಿದ ಮೆತ್ತನೆಯ ಎಲೆ ಅದರದ್ದೇ.

ಕಲ್ಲಿನ ಪಕ್ಕ ಕುಸಿದು ಕೂತೆ. ಕಣ್ಣು ಮುಚ್ಚಿಕೊಂಡು ಒಂದೊಂದೇ ಎಲೆ ಸವರಿದೆ. ಮೆತ್ತಗೆ, ದುಂಡಗೆ. ಹೀಚಿನ ಮೇಲೆ ನುಣ್ಣನೆ ಕೂದಲು. ಮಿಣಿಕೆ. ಗೋಡೆಯ ಬೆರಳೂ ಹೋಯಿತು, ಬೀಜವೂ ಹೋಯಿತು ಎಂದುಕೊಂಡೆ. ಕೈ ಇನ್ನೂ ಒಳಗೆ ಹೋಯಿತು. ಆ ಎಲೆಗಳ ನೆರಳಿನಡಿ ಗೇಣುದ್ದದ ಏನೋ ಒಂದು ಬೆರಳಿಗೆ ಚುಚ್ಚಿತು. ಮತ್ತೆ ಮುಟ್ಟಿದೆ. ಎಲೆ, ಅಂಚಿನಲ್ಲಿ ಮೂಲೆ ಮೂಲೆ ಇತ್ತು. ಇನ್ನೊಂದು ಕೈಯನ್ನು ಗಲ್ಲಕ್ಕೆ ಒಯ್ದೆ. ನೋಡುವವರಿಲ್ಲವೆಂದು ಎರಡು ದಿನದಿಂದ ಗಡ್ಡ ಕೆರೆದಿರಲಿಲ್ಲ. ಎರಡೂ ಒಂದೇ ಒರಟು.

ಮಿಣಿಕೆಯ ಕುಡಿಗಳನ್ನು ಒಂದೊಂದಾಗಿ ಬಿಡಿಸಿ ಬುಡಸಮೇತ ಕಿತ್ತೆ. ಜೀವಮಾನದಲ್ಲಿ ಮೊದಲ ಸಲ ಸರಿಯಾದ ಬಳ್ಳಿ ಕಿತ್ತಿದ್ದೆ. ಅದನ್ನು ಎತ್ತಿ ಹಿಡಿದು "ಲೇ ಗೌರಿ" ಎಂದು ಅಡುಗೆಮನೆಯ ಬಾಗಿಲಿಗೆ ತಿರುಗಿದೆ. ಬಾಗಿಲು ಖಾಲಿಯಿತ್ತು. ಅತ್ತುಬಿಟ್ಟೆ.

ಸದ್ದು ಕೇಳಿಯೋ ಏನೋ, ರಸೂಲ್ ಕಾಂಪೌಂಡಿನಾಚೆ ತಲೆಯೆತ್ತಿದ.

"ಏನಾತ್ರಿ ಮೇಷ್ಟ್ರೇ?"

"ಕೈ ಚಾಚು. ಕಣ್ಣು ಮುಚ್ಚು."

"ಕೈ ಆಯಿಲ್ ಆಗ್ಯಾವ್ರಿ."

"ಆಗ್ಲಿ, ಮುಚ್ಚಪ್ಪ."

ಪುಣ್ಯಾತ್ಮ, ಕೈಯನ್ನು ಅಂಗಿಗೆ ಒರೆಸಿ ಚಾಚಿ, ಕಣ್ಣು ಮುಚ್ಚಿದ. ಮಿಣಿಕೆಯದೊಂದು, ಸೌತೆಯದೊಂದು ಎಲೆಯನ್ನು ಅವನ ಎರಡು ಅಂಗೈಯಲ್ಲಿಟ್ಟೆ.

"ಒರಟ ಯಾವ್ದು ಹೇಳು" ಎಂದೆ.