ಉಪವಾಸದ ದಿನ ಗುಳಿಗೆ ಇಲ್ಲ

ರಾಯಚೂರಿನ ಅಗ್ಗದ ಔಷಧಿ ಅಂಗಡಿಯವನು ಇವತ್ತು ನನ್ನನ್ನು ಕಂಡೊಡನೆ, ನಾನು ಬಾಯಿ ತೆರೆಯುವ ಮೊದಲೇ ಬಿಪಿ ಗುಳಿಗೆ ತೆಗೆದಿಟ್ಟ. ಪಕ್ಕದಲ್ಲಿ ದಮ್ಮಿನ ಪಂಪನ್ನೂ ಇಟ್ಟ. ರೂಢಿ, ಪಾಪ. "ಪಂಪ್ ಬ್ಯಾಡಪ್ಪ ಇನ್ನ," ಎಂದೆ. ಅವನಿಗೆ ತಿಳಿಯಿತು, ಒಳಗಿಟ್ಟ. ನಾನು ಅಳುವ ಪೈಕಿ ಅಲ್ಲ. ಆದರೆ ಕೊಂಡ ಗುಳಿಗೆಯನ್ನು ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿನವರೆಗೆ ನಡೆದಿದ್ದೆ. ಮರಳಿ ಹೋಗಿ ತಂದೆ.

ಗುಳಿಗೆ ನನ್ನ ನೆಗೆಣ್ಣಿ ಈರಮ್ಮಕ್ಕನದು. ಪಂಪು ಅವಳ ಗಂಡನದು, ಅಂದರೆ ನನ್ನ ಗಂಡನ ಅಣ್ಣ, ನಮ್ಮ ಭಾವನದು. ಹೋದ ತಿಂಗಳು ನಿದ್ದೆಯಲ್ಲೇ ಹೋದರು. ಭಾವನಿಗೆ ಎರಡೇ ಹುಚ್ಚು: ಊಟ, ಮತ್ತು ಹೆಂಡತಿಯ ಭಕ್ತಿಯನ್ನು ಹೊಗಳುವುದು. ನಾನು ಮಾನ್ವಿಯಿಂದ ದೇವದುರ್ಗಕ್ಕೆ ಅವರ ಮನೆಗೆ ಹೋದಾಗಲೆಲ್ಲ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಹೇಳುವರು:

"ನಮ್ಮಾಕಿ ಇವತ್ತೂ ಉಪಾಸ ಅದಾಳ ನೋಡು. ಇಂಥಾ ಭಕ್ತಿ ನಿನಗ್ ಬರಂಗಿಲ್ಲ ಬಿಡು."

ಬರಲಿಲ್ಲ, ನಿಜ. ಏಕಾದಶಿಗೆಂದು ಅವಲಕ್ಕಿ ಮುಂದಿಟ್ಟುಕೊಂಡು ಕೂತರೆ, ರೊಟ್ಟಿಗಿಂತ ಅದೇ ಹೆಚ್ಚು ಹೊಟ್ಟೆಗೆ ಹೋಗಿರುತ್ತದೆ. ಅಕ್ಕನದು ಹಾಗಲ್ಲ. ಮೊದಲು ಸುಗೂರೇಶ್ವರನ ಹೆಸರಲ್ಲಿ ಸೋಮವಾರ ಇತ್ತು. ಬಿಪಿ ಬಂದ ಮೇಲೆ ಗುರುವಾರ ಸೇರಿತು, ಶನಿವಾರ ಸೇರಿತು, ಅಮಾವಾಸ್ಯೆ ಹುಣ್ಣಿಮೆಗಳೂ ಬಂದವು. ರೋಗ ಬಂದರೆ ದೇವರ ನೆನಪು ಹೆಚ್ಚಾಗುತ್ತದೆ ಎಂದುಕೊಂಡೆ. ಶಾಲೆ ಮೆಟ್ಟಿಲು ಹತ್ತದ ತಲೆಗೆ ಅಷ್ಟೇ ಹೊಳೆಯಿತು. ನೀವಾಗಿದ್ದರೆ ಏನು ತಿಳಿಯುತ್ತಿದ್ದಿರಿ, ಹೇಳಿ?

ಒಂದು ಶನಿವಾರ ಅಕ್ಕ ನಲ್ಲಿಯ ಬಳಿ ತಲೆ ತಿರುಗಿ ಬಿದ್ದಳು. ಭಾವನೂ ನಾನೂ ರಾಯಚೂರಿಗೆ ಕರೆದೊಯ್ದೆವು. ಡಾಕ್ಟರಮ್ಮ ಬಿಪಿ ನೋಡಿ ಗಾಬರಿಯಾದಳು.

"ಗುಳಿಗಿ ದಿನಾ ತಗೋತೀರೇನಮ್ಮ?"

"ಉಪಾಸದ ದಿನ ಇಲ್ಲರೀ."

"ಯಾಕ?"

"ಊಟಾದ ಮ್ಯಾಲ ತಗೋರಿ ಅಂದವ್ರು ನೀವ. ಊಟಾನ ಇಲ್ಲಂದ್ರ ಗುಳಿಗಿ ಹ್ಯಾಂಗ್ ನುಂಗ್ಲಿ?"

ಡಾಕ್ಟರಮ್ಮ ನಗಲಿಲ್ಲ. ಹೀಗೇ ಬಿಟ್ಟರೆ ಲಕ್ವಾ ಹೊಡೆಯಬಹುದು, ಜೀವವೂ ಹೋಗಬಹುದು ಎಂದಳು. ಭಾವ ನೀರು ತರಲು ಹೊರಗೆ ಹೋದಾಗ ನಾನು ಅಕ್ಕನ ರಟ್ಟೆ ಹಿಡಿದೆ.

"ಖರೇ ಹೇಳಕ್ಕ. ದೇವರ ಸಲುವಾಗೇನ ಇದು?"

"ಅವರ ಪಂಪ್ ಭಾಳ ತುಟ್ಟಿ ಯವ್ವಾ. ಗುಳಿಗಿ ಬಿಟ್ರ ನನಗ ತಲಿ ತಿರುಗತದ, ಅಷ್ಟ. ಪಂಪ್ ಬಿಟ್ರ ಅವರಿಗಿ ಉಸುರ ಇರಂಗಿಲ್ಲ. ಅವರ ಮುಂದ ಹೇಳಬ್ಯಾಡ."

ಹೇಳುವ ಕೆಲಸವೇ ಬೀಳಲಿಲ್ಲ. ಭಾವ ನೀರಿನ ಬಾಟಲಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಲೇ, ಇಷ್ಟ ದಿನ ನಿನ್ನ ಉಪಾಸಾನ ನಾ ಎಳಕೊಂಡೆನ, ಉಸುರು ಉಸುರಿಗಿ?"

ಅಲ್ಲಿ ನಿಲ್ಲಲಾಗದೆ ನಾನು ಡಾಕ್ಟರಮ್ಮನ ಮೇಜಿನ ಮುಂದೆ ಹೋದೆ. ಮಾನ್ವಿಯಲ್ಲಿ ನಮ್ಮ ನೆರೆಮನೆಯ ಖಾಜಾಬಿ ತನ್ನ ಸಕ್ಕರೆ ರೋಗದ ಚೀಟಿಯನ್ನು ಹೇಗೆ ಬರೆಸುತ್ತಾಳೆಂದು ಕೇಳಿದ್ದೆ. "ಕಂಪನಿ ಹೆಸರ ಬ್ಯಾಡ್ರೀ, ಔಷಧದ ಹೆಸರ ಬರೀರಿ. ಅಗ್ಗದ ಅಂಗಡ್ಯಾಗ ಸಿಗಬೇಕು. ಇಬ್ಬರದ್ದೂ."

"ಮೊದ್ಲ ಕೇಳಿದ್ರ ಮೊದ್ಲ ಬರೀತಿದ್ದೆ," ಎಂದಳು. ಕೇಳಬಹುದು ಎಂದು ಗೊತ್ತಿದ್ದರಲ್ಲವೇ ಕೇಳುವುದು.

ಅಂಗಡಿಯಲ್ಲಿ ಬೆಲೆ ಕೇಳಿ ಅಕ್ಕನಿಗೆ ನಂಬಿಕೆ ಬರಲಿಲ್ಲ. "ಇಷ್ಟ ಸೋವಿ? ಹಿಟ್ಟಿನ ಉಂಡಿ ಇರಬೇಕು."

"ಉಪಾಸದಾಗ ಆ ಹಿಟ್ಟೂ ಇರ್ಲಿಲ್ಲಲ್ಲ ನಿನಗ. ನುಂಗು."

ಮುಂದಿನ ಸಲ ಬಿಪಿ ಇಳಿದದ್ದು ಕಂಡು ನಂಬಿದಳು. ಆದರೆ ಉಪವಾಸ ಬಿಡಲು ಒಪ್ಪಳು. ದೇವರ ಹೆಸರು ಹೇಳಿ ಹಿಡಿದದ್ದು, ನೆಪಕ್ಕೇ ಇರಲಿ, ಬಿಟ್ಟರೆ ಆತ ಸಿಟ್ಟಾಗುತ್ತಾನಂತೆ. ಆಗ ಭಾವ ಹೇಳಿದರು: "ನಿನ್ನ ಉಪಾಸ ನಾ ಮಾಡ್ತೀನಿ. ನೀ ಉಂಡು ಗುಳಿಗಿ ನುಂಗು."

ಮಾಡಿದರು! ಹೊತ್ತೇರುವ ಮೊದಲೇ "ಗಡಿಯಾರ ನಿಂತದೇನು ನೋಡ್ರಿ" ಎಂದು ಮನೆಯೆಲ್ಲ ಓಡಾಡುವರು. ಅಕ್ಕ ಉಣ್ಣುವುದನ್ನು ಎದುರು ಕೂತು ನೋಡುವರು. ಗುಳಿಗೆ ಗಂಟಲಿಳಿದ ಮೇಲೆಯೇ ಏಳುವರು.

ಇವತ್ತು ಸೋಮವಾರ. ದೇವದುರ್ಗಕ್ಕೆ ಬಂದು ನೋಡಿದರೆ ಅಕ್ಕ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟುಕೊಂಡು ಉಣ್ಣುತ್ತಿದ್ದಾಳೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಏನಕ್ಕ, ಅವರಂತೂ ಇಲ್ಲ. ನಿನ್ನ ಉಪಾಸ ನಿನಗ ವಾಪಸ್ ಬರಲಿಲ್ಲೇನು?"

ಅಕ್ಕ ತುತ್ತು ನುಂಗಿ, ನೀರು ಕುಡಿದಳು.

"ನಾ ಇರೋತನಕದ್ದೂ ಅವ್ರ ಮಾಡಿ ಹೋಗ್ಯಾರ. ಕುಂದ್ರು, ರೊಟ್ಟಿ ಆರತದ."